ದಿನದ ಬೈಬಲ್ ಓದು, ಪ್ರಾರ್ಥನೆ ಫೆಬ್ರವರಿಗೇ ನಿಂತುಹೋಗುತ್ತಿದೆಯೇ? ಮತ್ತೆ ಶುರುಮಾಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಲೆಕ್ಕ ನೋಡಿ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಒಂದು ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಓದಬೇಕು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಬಂದು, ಜನವರಿ 1ಕ್ಕೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆರೆಯುತ್ತೇವೆ. ಆದಿಕಾಂಡ 50 ಅಧ್ಯಾಯ, ವಿಮೋಚನಕಾಂಡ 40. ದಿನಕ್ಕೆ ಮೂರರಂತೆ ಜನವರಿ 30ಕ್ಕೆ ಎರಡೂ ಮುಗಿಯುತ್ತವೆ. 31ಕ್ಕೆ ಮೂರನೇ ಪುಸ್ತಕ, ಯಜ್ಞ-ಶುದ್ಧಿಯ ನಿಯಮಗಳ ಯಾಜಕಕಾಂಡ. ಫೆಬ್ರವರಿ 4ಕ್ಕೆ ಅದರ 13ನೇ ಅಧ್ಯಾಯ: ಚರ್ಮದ ಮಚ್ಚೆ, ಬಟ್ಟೆಗೆ ಹಿಡಿದ ಬೂಷ್ಟು, ಒಟ್ಟು 59 ವಚನ. ಅಲ್ಲಿಗೆ ಬೈಬಲ್ ವಾಪಸ್ ಶೋಕೇಸಿಗೆ.

ನಾನು ಪಾಸ್ಟರ್ ಅಲ್ಲ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮನೆಕೂಟ (ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟ) ನಡೆಸುವವರಲ್ಲಿ ಒಬ್ಬ. ನಾನೇ ನಾಲ್ಕು ಸಲ ಹೀಗೆ ನಿಲ್ಲಿಸಿದ್ದೇನೆ. ಕೂಟಕ್ಕೆ ಬರುವವರೂ ಪ್ರತಿ ವರ್ಷ ಇದೇ ಮಾತು ಹೇಳುತ್ತಾರೆ: "ಅಣ್ಣಾ, ನನಗೆ ಭಕ್ತಿ ಕಡಿಮೆ ಅನ್ಸುತ್ತೆ." ಭಕ್ತಿ ಕಡಿಮೆಯಲ್ಲ, ಹೆಜ್ಜೆಗಳು ತಲೆಕೆಳಗಾಗಿವೆ. ಮೊದಲು ದೊಡ್ಡ ಗುರಿ, ಆಮೇಲೆ ಸಮಯ ಹುಡುಕುವುದು, ಜೊತೆಗಾರರ ಯೋಚನೆ ಬರುವುದು ಎಲ್ಲ ಬಿಟ್ಟುಹೋದ ಮೇಲೆ. ಕೆಳಗಿರುವುದು ಇದನ್ನು ತಿರುಗಿಸಿ ಹಾಕಿದ ಕ್ರಮ. ದಯವಿಟ್ಟು ಹೆಜ್ಜೆ ಹಾರಿಸಬೇಡಿ.

ಶುರುವಿಗೆ ಮುಂಚೆ: ಏನೇನು ಬೇಕು

ಒಂದು ಕಾಗದದ ಬೈಬಲ್. ಫೋನಿನಲ್ಲೂ ಕನ್ನಡ ಬೈಬಲ್ ಸಿಗುತ್ತದೆ, ಬಸ್ಸಿನಲ್ಲಿ ಅದು ಒಳ್ಳೆಯದೇ. ಆದರೆ ಮನೆಯಲ್ಲಿ ಕೂತು ಓದುವಾಗ ಫೋನ್ ಬೇಡ. ಎರಡನೇ ವಚನಕ್ಕೆ ಶಾಲೆಯ ಗ್ರೂಪಿನಿಂದ ಮೆಸೇಜ್ ಬರುತ್ತದೆ, ಕಥೆ ಮುಗಿಯಿತು.

ಹಳೆಯ ಅನುವಾದದ ಕನ್ನಡ ಕಷ್ಟ ಅನಿಸಿದರೆ ಸರಳ ಭಾಷೆಯ ಅನುವಾದ ತಗೊಳ್ಳಿ. ಅಜ್ಜಿ ಓದಿದ ಬೈಬಲೇ ಬೇಕು ಎಂದು ಹಟ ಹಿಡಿದು, ಅರ್ಥವಾಗದೆ ಬಿಟ್ಟವರನ್ನು ನೋಡಿದ್ದೇನೆ. ಓದು ಬಾರದ ಅಥವಾ ಕಣ್ಣು ಮಂಜಾದ ಹಿರಿಯರಿಗೆ ಆಡಿಯೊ ಬೈಬಲ್ ಇದೆ. ಕೇಳುವುದೂ ಓದೇ.

ಒಂದು 100 ಪುಟದ ನೋಟ್‌ಬುಕ್, ಒಂದು ಪೆನ್ನು, ಓದು ನಿಲ್ಲಿಸಿದ ಪುಟದಲ್ಲಿಡಲು ಒಂದು ಚೀಟಿ. ಚರ್ಮದ ರಟ್ಟಿನ ದುಬಾರಿ ಡೈರಿ ಬೇಡ. ಅಂಥದ್ದರಲ್ಲಿ ಬರೆಯಲು ಕೈ ಹೆದರುತ್ತದೆ.

ಕಥೋಲಿಕರಿಗೆ ಒಂದು ಅನುಕೂಲವಿದೆ. ಆಯಾ ದಿನದ ಪೂಜೆಯ ವಾಚನಗಳು ಮೊದಲೇ ಗೊತ್ತಿರುತ್ತವೆ. ಆ ದಿನದ ಶುಭಸಂದೇಶದ (ಸುವಾರ್ತೆಯ, ಅಂದರೆ ಯೇಸುಸ್ವಾಮಿಯ ಜೀವನದ ಪುಸ್ತಕದ) ಭಾಗವನ್ನೇ ಓದಿಗೆ ಇಟ್ಟುಕೊಂಡರೆ ಬೇರೆ ಪಟ್ಟಿಯ ತಲೆನೋವಿಲ್ಲ. ಉಳಿದ ಹೆಜ್ಜೆಗಳು ಎಲ್ಲರಿಗೂ ಒಂದೇ.

ಹೆಜ್ಜೆ 1: ಸಮಯವನ್ನು ಒಂದು ಕೆಲಸಕ್ಕೆ ಕಟ್ಟಿ

"ಬೆಳಗ್ಗೆ 5ಕ್ಕೆ" ಎಂದು ಗಡಿಯಾರಕ್ಕೆ ಕಟ್ಟಬೇಡಿ. ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಿ. ಹಾಲು ಕಾಯಿಸಿ ಕೆಳಗಿಳಿಸಿದ ಮೇಲೆ. ಮಕ್ಕಳ ಶಾಲೆಯ ವ್ಯಾನ್ ಹೋದ ಮೇಲೆ. ನೈಟ್ ಶಿಫ್ಟಿನವರಾದರೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ. ಅಲಾರಂ ಆರಿಸಿ ಮಲಗಬಹುದು, ಹಾಲು ಕಾಯಿಸದೆ ಇರಲಾಗುವುದಿಲ್ಲ ಅಲ್ವಾ.

ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದರು ಎಂದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ಅದನ್ನು ಹಿಡಿದು ಎಲ್ಲರೂ ನಸುಕಿಗೇ ಏಳಬೇಕು ಎನ್ನುವವರಿದ್ದಾರೆ. ಪ್ರವಾದಿ ದಾನಿಯೇಲ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ. ಬೈಬಲಿನ ಹಾಡುಗಳಾದ ಕೀರ್ತನೆಗಳಲ್ಲಿ ಒಂದರಲ್ಲಿ ಸಂಜೆ, ಬೆಳಗ್ಗೆ, ಮಧ್ಯಾಹ್ನ ಮೂರೂ ಬರುತ್ತವೆ. ಇಂಥದ್ದೇ ಹೊತ್ತು ಎಂಬ ಕಾನೂನಿಲ್ಲ.

ಇಲ್ಲಿ ನನ್ನದೇ ಒಂದು ಕಥೆ. ಒಂದು ವರ್ಷ ನಾಲ್ಕೂವರೆಗೆ ಏಳುತ್ತಿದ್ದೆ. ಕೂಟದಲ್ಲಿ ಅದನ್ನು ಹೇಳಿಕೊಳ್ಳುತ್ತಲೂ ಇದ್ದೆ. ಒಂದು ದಿನ ಮನೆಯವಳು ಅಂದಳು, "ರೀ, ನೀವು ಆರಕ್ಕೇ ಏಳಿ. ಆದರೆ ಏಳು ಗಂಟೆಗೆ ಟಿಫಿನ್ ಬಾಕ್ಸ್ ಮುಚ್ಚಳ ಸಿಗಲಿಲ್ಲ ಅಂತ ಮಕ್ಕಳ ಮೇಲೆ ಕೂಗಾಡಬೇಡಿ." ಈಗ ಆರಕ್ಕೇ ಏಳುತ್ತೇನೆ.

ಜಾಗವೂ ಒಂದೇ ಇರಲಿ. ಇಡೀ ಕೋಣೆ ಬೇಕಿಲ್ಲ, ಒಂದು ಕುರ್ಚಿ ಸಾಕು. ಬೈಬಲ್, ನೋಟ್‌ಬುಕ್, ಪೆನ್ನು ಮೂರೂ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಬೆಳಗ್ಗೆ ಪೆನ್ನು ಹುಡುಕಲು ಹೊರಟರೆ ನಿಮ್ಮ ಹದಿನೈದು ನಿಮಿಷದಲ್ಲಿ ಐದು ಹೋಯಿತು.

ಹೆಜ್ಜೆ 2: ಅಳತೆ ಚಿಕ್ಕದಿರಲಿ

ಮೊದಲ ತಿಂಗಳು ಒಟ್ಟು 15 ನಿಮಿಷ. ಓದಲು 7, ಬರೆಯಲು 3, ಪ್ರಾರ್ಥನೆಗೆ 5. ಇನ್ನೂ ಮಾಡಬೇಕು ಅನಿಸಿದರೂ ನಿಲ್ಲಿಸಿ. ಇದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಮೊದಲ ವಾರ ಒಂದು ಗಂಟೆ ಕೂತವರು ಮೂರನೇ ವಾರ ಕೂರುವುದೇ ಇಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಹಸಿವು ಉಳಿಸಿಕೊಂಡೇ ಏಳಿ.

ಮಾರ್ಕನಿಂದ ಶುರುಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಎಂದರೆ 32 ದಿನ. ಅಧ್ಯಾಯದ ನಡುವೆ ಎಲ್ಲಿ ನಿಲ್ಲಿಸಬೇಕು? ಒಂದು ಘಟನೆ ಮುಗಿದಲ್ಲಿ. ಹೆಚ್ಚಿನ ಬೈಬಲುಗಳಲ್ಲಿ ದಪ್ಪಕ್ಷರದ ಉಪಶೀರ್ಷಿಕೆ ಇರುತ್ತದೆ, ಅದನ್ನು ನೋಡಿಕೊಂಡರಾಯಿತು.

ಮಾಡಬಾರದ ಒಂದು ಕೆಲಸ: ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟ ವಚನವೇ ಇವತ್ತಿನ ದೇವರ ಮಾತು ಎನ್ನುವುದು. ವಚನ ಬರೆದ ಹೊಸವರ್ಷದ ವಾಗ್ದಾನದ ಕಾರ್ಡನ್ನು ಪ್ರೀತಿಯಿಂದ ಗೋಡೆಗೆ ಅಂಟಿಸಿಕೊಳ್ಳಿ, ತಪ್ಪಿಲ್ಲ. ಆದರೆ ಆ ವಚನದ ಹಿಂದುಮುಂದಿನ ಅಧ್ಯಾಯವನ್ನು ಒಮ್ಮೆಯಾದರೂ ಓದಿ. ಯಾರು ಯಾರಿಗೆ, ಯಾವಾಗ ಹೇಳಿದ್ದು ಎಂದು ಗೊತ್ತಾದರೆ ಎಷ್ಟೋ ಸಲ ಅರ್ಥವೇ ಬದಲಾಗುತ್ತದೆ.

ಹೆಜ್ಜೆ 3: ಓದುವ ರೀತಿ

ಹೆಚ್ಚಿನವರು ಕಣ್ಣಾಡಿಸುತ್ತಾರೆ. "ಓದಿದೆ" ಎಂದು ಟಿಕ್ ಹಾಕುತ್ತಾರೆ. ಸಂಜೆ ಕೇಳಿದರೆ ಏನು ಓದಿದ್ದು ನೆನಪಿಲ್ಲ. ಆದ್ದರಿಂದ ಎರಡು ಸಲ ಓದಿ. ಮೊದಲ ಸಲ ಬಾಯಿಬಿಟ್ಟು, ಎರಡನೇ ಸಲ ಮನಸ್ಸಿನಲ್ಲಿ ನಿಧಾನವಾಗಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಕಂಡದ್ದು, ಕೇಳಬೇಕೆನಿಸಿದ್ದು, ಮಾಡುವುದು.

ಮಾರ್ಕ 4:35ರಿಂದ 41ರವರೆಗಿನ ಏಳು ವಚನ ತಗೊಳ್ಳಿ. ಬಿರುಗಾಳಿಯ ಕಥೆ. ಸಂಡೇ ಸ್ಕೂಲಿನಿಂದ ಗೊತ್ತು ಎಂದು ಹಾರಿಸಿಬಿಡುತ್ತೇವೆ. ಎರಡನೇ ಸಲ ನಿಧಾನವಾಗಿ ಓದಿದಾಗ ಸಣ್ಣ ವಿಷಯಗಳು ಕಾಣುತ್ತವೆ. ಜೊತೆಯಲ್ಲಿ ಬೇರೆ ದೋಣಿಗಳೂ ಇದ್ದವು. ಯೇಸುಸ್ವಾಮಿ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದರು. ಇದೇ ಘಟನೆ ಮತ್ತಾಯ, ಲೂಕರಲ್ಲೂ ಇದೆ, ಆದರೆ ಆ ದಿಂಬು ಇರುವುದು ಮಾರ್ಕನಲ್ಲಿ ಮಾತ್ರ. ಶಿಷ್ಯರು ಎಬ್ಬಿಸಿ ಕೇಳುವ ಮಾತಿನಲ್ಲಿ ಭಕ್ತಿಗಿಂತ ಸಿಟ್ಟೇ ಜಾಸ್ತಿ: ನಾವು ಸಾಯುತ್ತಿದ್ದೇವೆ, ನಿಮಗೇನೂ ಅನಿಸುವುದಿಲ್ಲವೇ?

ಈಗ ನೋಟ್‌ಬುಕ್ಕಿನ ಪುಟ ಹೀಗಿರಬಹುದು:

ಕಂಡದ್ದು: ಬಿರುಗಾಳಿ ಎದ್ದದ್ದು ಅವರು ಮಾತು ಮೀರಿದ್ದಕ್ಕಲ್ಲ. "ಆಚೆ ದಡಕ್ಕೆ ಹೋಗೋಣ" ಎಂದದ್ದು ಯೇಸುಸ್ವಾಮಿಯೇ.
ಕೇಳಬೇಕೆನಿಸಿದ್ದು: ಎಬ್ಬಿಸಿದ್ದು ತಪ್ಪಾ? ಎಬ್ಬಿಸದೇ ಇದ್ದಿದ್ದರೆ?
ಮಾಡುವುದು: ವರ್ಗಾವಣೆಯ ಭಯ ಮನೆಯಲ್ಲಿ ಹೇಳಿಲ್ಲ. ರಾತ್ರಿ ಊಟವಾದ ಮೇಲೆ ಅವಳಿಗೆ ಹೇಳುವುದು.

ಇಷ್ಟೇ. ಪ್ರಸಂಗ (ಸಭೆಯಲ್ಲಿ ಕೊಡುವ ಉಪದೇಶ) ಬರೆಯುವುದು ಬೇಡ. ನಡುಸಾಲಿನ ಪ್ರಶ್ನೆಗೆ ಅವತ್ತೇ ಉತ್ತರ ಸಿಗಬೇಕಿಲ್ಲ. ಆ ಪ್ರಶ್ನೆಗಳನ್ನು ಕೂಡಿಟ್ಟು ಭಾನುವಾರ ಸಭಾಪಾಲಕರನ್ನು ಕೇಳಿ. ನಿಜ ಹೇಳಬೇಕೆಂದರೆ ಅವರಿಗೂ ಅದು ಖುಷಿ. ಸಭೆಯ ಬಾಗಿಲಲ್ಲಿ ಅವರಿಗೆ ಸಿಗುವುದು "ಪ್ರಸಂಗ ಚೆನ್ನಾಗಿತ್ತು" ಎಂಬ ಒಂದೇ ಮಾತು.

ಹೆಜ್ಜೆ 4: ಪ್ರಾರ್ಥನೆ

ಇಲ್ಲಿ ಎರಡು ದೂರು ಬರುತ್ತವೆ. "ಏನು ಹೇಳಬೇಕೋ ಗೊತ್ತಾಗಲ್ಲ", "ಮನಸ್ಸು ಎಲ್ಲೆಲ್ಲೋ ಓಡುತ್ತೆ."

ಮೊದಲನೆಯದಕ್ಕೆ ಔಷಧಿ ನಮ್ಮ ಬಾಯಲ್ಲೇ ಇದೆ. ಕರ್ತನು, ಅಂದರೆ ಯೇಸುಸ್ವಾಮಿ, ಕಲಿಸಿದ ಪ್ರಾರ್ಥನೆಯನ್ನು ಗಡಗಡ ಹೇಳಿ ಮುಗಿಸುವ ಬದಲು ಪ್ರತಿ ಸಾಲಿನಲ್ಲಿ ನಿಲ್ಲಿ, ನಿಮ್ಮದೊಂದು ವಾಕ್ಯ ಸೇರಿಸಿ. ಕ್ರಮ ಗಮನಿಸಿ: ದೇವರ ಹೆಸರು, ರಾಜ್ಯ, ಚಿತ್ತ ಮೊದಲು. ಅನ್ನದ ಮಾತು ಆಮೇಲೆ. ನಾವು ಸಾಮಾನ್ಯವಾಗಿ ಅನ್ನದಿಂದ, ಅಂದರೆ ಲೋನ್, ಕೆಲಸ, ಮದುವೆ, ವೀಸಾದಿಂದ ಶುರುಮಾಡಿ ಅಲ್ಲೇ ಮುಗಿಸುತ್ತೇವೆ. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಎಂಬಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಇಡೀ ಪ್ರಾರ್ಥನೆಯಲ್ಲಿ ನಮ್ಮ ಕಡೆಯ ಕೆಲಸ ಸೇರಿರುವುದು ಆ ಸಾಲಿನಲ್ಲಿ ಮಾತ್ರ. ಮತ್ತಾಯನಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಯೇಸುಸ್ವಾಮಿ ಮತ್ತೆ ಎತ್ತಿಕೊಳ್ಳುವುದೂ ಅದೇ ಮಾತನ್ನು. ಆ ಸಾಲಿಗೆ ಬಂದಾಗ ಒಂದು ಮುಖ ಕಣ್ಣ ಮುಂದೆ ಬರುತ್ತದೆ. ಬಂದರೆ ಹೆಜ್ಜೆ 5ಕ್ಕೆ ಕೆಲಸ ಸಿಕ್ಕಿತು ಎಂದೇ ಲೆಕ್ಕ.

ಎರಡನೆಯದಕ್ಕೆ: ಮೆಲ್ಲಗೆ ಬಾಯಿಬಿಟ್ಟು ಮಾತಾಡಿ. ಸುಮ್ನೆ ಕೂತರೆ ಮನಸ್ಸು ಓಡುವುದು ಜಾಸ್ತಿ. "ಗ್ಯಾಸ್ ಬುಕ್ ಮಾಡಬೇಕಿತ್ತು" ಎಂದು ನೆನಪಾದರೆ ಅದರ ಜೊತೆ ಜಗಳವಾಡಬೇಡಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ "ಗ್ಯಾಸ್" ಎಂದು ಬರೆದು ವಾಪಸ್ ಬನ್ನಿ. ಮೂರ್ನಾಲ್ಕು ದಿನ ಒಂದೇ ಚಿಂತೆ ಆ ಪುಟದಲ್ಲಿ ಬಂದರೆ ಅದನ್ನೇ ಪ್ರಾರ್ಥನೆಗೆ ತನ್ನಿ.

ಭಾಷೆಯ ಬಗ್ಗೆ ಒಂದು ಮಾತು. ಕೂಟದಲ್ಲಿ ದೊಡ್ಡವರು ಪ್ರಾರ್ಥಿಸುವ ಕನ್ನಡವೇ ಬೇರೆ, ಸಮಾಸಗಳ ಮೇಲೆ ಸಮಾಸ. ಅದನ್ನು ಕೇಳಿ, ನಮಗೆ ಪ್ರಾರ್ಥನೆ ಬರುವುದಿಲ್ಲ ಎಂದುಕೊಂಡವರು ಬಹಳ. ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಅದರಲ್ಲೇ ಮಾತಾಡಿ. ಕನ್ನಡ ಆರಾಧನೆಗೆ ಹೋಗುವ ಎಷ್ಟೋ ಮನೆಗಳಲ್ಲಿ ಮಾತು ತುಳು, ಕೊಂಕಣಿ, ತಮಿಳು, ತೆಲುಗು. ಅಳು ಬರುವ ಭಾಷೆಯಲ್ಲಿ ಪ್ರಾರ್ಥಿಸಿ.

ಇತರರಿಗಾಗಿ ಪ್ರಾರ್ಥಿಸಲು ವಾರದ ಪಟ್ಟಿ ಮಾಡಿ, ದಿನಕ್ಕೆ ಎರಡೇ ಹೆಸರು. ಅದರಲ್ಲಿ ಒಂದು ನಿಮಗೆ ಆಗಿಬರದವರದ್ದಿರಲಿ.

ಹೆಜ್ಜೆ 5: ದಿನಕ್ಕೊಂದು ಕೆಲಸ

ಹೆಚ್ಚಿನ ಜನ ಸೋಲುವುದು ಇಲ್ಲಿಯೇ, ಅದೂ ಗೊತ್ತಿಲ್ಲದೆ. ಓದು ನಡೆಯುತ್ತದೆ, ಪ್ರಾರ್ಥನೆ ನಡೆಯುತ್ತದೆ, ಮನುಷ್ಯ ಮಾತ್ರ ಹಾಗೇ. ವಾಕ್ಯ ಕೇಳಿ ಅದರಂತೆ ಮಾಡದವನು ಕನ್ನಡಿಯಲ್ಲಿ ಮುಖ ನೋಡಿ ಮರೆತವನ ಹಾಗೆ ಎಂದು ಯಾಕೋಬ ತನ್ನ ಪತ್ರದಲ್ಲಿ ಬರೆಯುತ್ತಾನೆ.

"ಮಾಡುವುದು" ಸಾಲಿನಲ್ಲಿ ಯಾರಿಗೆ, ಏನು, ಯಾವಾಗ ಮೂರೂ ಇರಬೇಕು. "ಎಲ್ಲರನ್ನೂ ಪ್ರೀತಿಸುತ್ತೇನೆ" ಎಂಬುದು ಕೆಲಸವಲ್ಲ. "ಸಂಜೆ ಅತ್ತೆಗೆ ಫೋನ್ ಮಾಡಿ, ನಡುವೆ ಬಾಯಿ ಹಾಕದೆ ಹತ್ತು ನಿಮಿಷ ಕೇಳುವುದು" ಕೆಲಸ. "ಪ್ರಾಮಾಣಿಕವಾಗಿರುತ್ತೇನೆ" ಎಂಬುದು ಕೆಲಸವಲ್ಲ. "ತರಕಾರಿಯವರಿಗೆ ಹೋದ ವಾರ ಉಳಿಸಿಕೊಂಡ 60 ರೂಪಾಯಿ ಇವತ್ತು ಕೊಡುವುದು" ಕೆಲಸ. ಯೇಸುಸ್ವಾಮಿಯನ್ನು ಕಂಡು ಬದಲಾದ ತೆರಿಗೆ ವಸೂಲಿಗಾರ ಜಕ್ಕಾಯನನ್ನು ನೋಡಿ. ನಾನು ಬದಲಾದೆ ಎಂದು ಅವನು ಹೇಳಲಿಲ್ಲ, ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್.

ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಅದು ಮೊದಲ ಕೆಲಸ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಹೋಗಿ ಸಹೋದರನ ಜೊತೆ ಸರಿಮಾಡಿಕೊಂಡು ಬಾ ಎಂದು ಯೇಸುಸ್ವಾಮಿ ಹೇಳಿದ್ದಾರೆ. ಒಂದು ಎಚ್ಚರಿಕೆ: ನಿಮ್ಮನ್ನು ಹೊಡೆದವರ, ಹಿಂಸಿಸಿದವರ ಮನೆಗೆ ಒಬ್ಬರೇ ಹೋಗಿ ರಾಜಿಯಾಗಬೇಕು ಎಂದು ಇದರ ಅರ್ಥವಲ್ಲ. ಕ್ಷಮಿಸುವುದು ಬೇರೆ, ಮತ್ತೆ ಅಪಾಯದ ಕೈಗೆ ಸಿಗುವುದು ಬೇರೆ.

ರಾತ್ರಿ ಮಲಗುವ ಮುಂಚೆ ಆ ಸಾಲಿನ ಪಕ್ಕ "ಆಯಿತು" ಅಥವಾ "ಇಲ್ಲ" ಎಂದು ಬರೆಯಿರಿ. ಮೂರು ದಿನ ಸತತ "ಇಲ್ಲ" ಬಂದರೆ ಕೆಲಸ ತುಂಬಾ ದೊಡ್ಡದಾಯಿತು ಎಂದರ್ಥ. ಚಿಕ್ಕದು ಮಾಡಿ.

ಹೆಜ್ಜೆ 6: ಒಬ್ಬ ಜೊತೆಗಾರ

ಎರಡನೇ ವಾರದಿಂದ ಇದು ಬೇಕು. ವಾರಕ್ಕೊಮ್ಮೆ 20 ನಿಮಿಷ, ಎದುರು ಕೂತು ಅಥವಾ ಫೋನಿನಲ್ಲಿ. ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು ಇದ್ದರೆ ಮಾತು ಸಲೀಸು. ನಿಮ್ಮ ಹತ್ತಿರ ಸಾಲ ತಗೊಂಡವರು, ನೀವು ಸಾಲ ತಗೊಂಡವರು ಬೇಡ. ಮೂರೇ ಪ್ರಶ್ನೆ: ಏನು ಓದಿದೆ? ಏನು ಮಾಡಿದೆ? ಎಲ್ಲಿ ಬಿದ್ದೆ?

ಇಲ್ಲಿ ಆಗುವ ದೊಡ್ಡ ತಪ್ಪು ನಮ್ಮ ಸಭೆಗಳಿಗೆಲ್ಲ ಗೊತ್ತಿರುವುದೇ. "ಪ್ರಾರ್ಥನೆ ವಿಷಯ" ಎಂಬ ಹೆಸರಿನಲ್ಲಿ ಒಬ್ಬರ ಮನೆಯ ಮಾತು ಬುಧವಾರದಿಂದ ಭಾನುವಾರದೊಳಗೆ ಊರೆಲ್ಲ ಸುತ್ತುತ್ತದೆ. "ಅವರಿಗಾಗಿ ಪ್ರಾರ್ಥನೆ ಮಾಡಿ, ಪಾಪ, ಮಗಳು..." ಎಂದು ಶುರುವಾದ ವಾಕ್ಯವನ್ನು ಅಲ್ಲೇ ನಿಲ್ಲಿಸಿ. ಒಮ್ಮೆ ಮಾತು ಹೊರಗೆ ಹೋದರೆ ಆ ಮನುಷ್ಯ ಮತ್ತೆ ಬಾಯಿ ಬಿಡುವುದಿಲ್ಲ.

ಭಾನುವಾರದ ಆರಾಧನೆ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ತಪ್ಪಿಸಬೇಡಿ. ಮನೆಯಲ್ಲೇ ಓದುತ್ತೇನಲ್ಲ, ಸಭೆ ಯಾಕೆ ಎನ್ನುವವರು ಆರು ತಿಂಗಳಾದ ಮೇಲೆ ಮನೆಯಲ್ಲೂ ಓದುವುದನ್ನು ನಿಲ್ಲಿಸಿರುತ್ತಾರೆ.

ಹೆಜ್ಜೆ 7: ವಾರಕ್ಕೊಮ್ಮೆ ಲೆಕ್ಕ

ಶನಿವಾರ ರಾತ್ರಿ ಹತ್ತು ನಿಮಿಷ ನೋಟ್‌ಬುಕ್ ತಿರುವಿಹಾಕಿ. ಎಷ್ಟು ದಿನ ತಪ್ಪಿತು ಎಂದು ಎಣಿಸುವುದಕ್ಕಲ್ಲ, ಯಾವ ದಿನ ತಪ್ಪಿತು ಎಂದು ನೋಡುವುದಕ್ಕೆ. ಪ್ರತಿ ಸೋಮವಾರ ತಪ್ಪುತ್ತಿದ್ದರೆ ಸೋಮವಾರದ ಹೊತ್ತು ಬದಲಿಸಿ.

ತಿಂಗಳಿಗೊಮ್ಮೆ ಮನೆಯವರನ್ನು ಕೇಳಿ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಆತ್ಮದ ಫಲ ಎಂದು ಒಂಬತ್ತನ್ನು ಹೇಳಿದೆ: ಪ್ರೀತಿ, ಸಂತೋಷ, ಸಮಾಧಾನದಿಂದ ಹಿಡಿದು ದಮೆಯವರೆಗೆ, ಅಂದರೆ ತನ್ನನ್ನು ತಾನು ಹಿಡಿತದಲ್ಲಿಡುವವರೆಗೆ. ಎಷ್ಟು ಓದಿದೆ, ಎಷ್ಟು ಹೊತ್ತು ಮೊಣಕಾಲೂರಿದೆ ಎಂಬುದು ಆ ಪಟ್ಟಿಯಲ್ಲಿಲ್ಲ. "ಈ ತಿಂಗಳು ನನ್ನ ಮಾತು ಹೇಗಿತ್ತು?" ಎಂದು ಮಗಳನ್ನು ಕೇಳಿ. ಮಕ್ಕಳು ಸುಳ್ಳು ಹೇಳುವುದಿಲ್ಲ. ಹೇಳಿದ ಮೇಲೆ ಸಮರ್ಥನೆ ಕೊಡದೆ ಎದ್ದು ಹೋಗುವುದೇ ಒಂದು ಸಾಧನೆ.

ಒಣಗಿದ ದಿನಗಳು ಬಂದಾಗ

ಬರುತ್ತವೆ, ಹೆಚ್ಚಾಗಿ ಎರಡು-ಮೂರನೇ ತಿಂಗಳಲ್ಲಿ. ಓದಿದ್ದು ಹತ್ತುವುದಿಲ್ಲ, ಪ್ರಾರ್ಥನೆ ಗೋಡೆಗೆ ಹೇಳಿದಂತಿರುತ್ತದೆ. ಆಗ ಅಳತೆಯನ್ನು ಅರ್ಧ ಮಾಡಿ, ಬಿಡಬೇಡಿ. 13ನೇ ಕೀರ್ತನೆ ಆರೇ ವಚನ, ಮೊದಲ ಎರಡರಲ್ಲೇ "ಎಷ್ಟರವರೆಗೆ" ಎಂದು ನಾಲ್ಕು ಸಲ ಕೇಳುತ್ತದೆ. ದಿನಾ ಅದನ್ನೇ ಓದಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿಲ್ಲ. ಅದನ್ನೂ ಪ್ರಾರ್ಥನೆ ಎಂದೇ ಇಟ್ಟುಕೊಂಡಿದ್ದಾರೆ.

ದೇಹವನ್ನೂ ನೋಡಿಕೊಳ್ಳಿ. ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ಎಬ್ಬಿಸಿ, ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರ ಮಾತು ಆಮೇಲೆ ಬಂತು.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕು ಬೇಡ ಎನಿಸುತ್ತಿದೆ ಎಂದರೆ ಅದು ಭಕ್ತಿಯ ಕೊರತೆಯಲ್ಲ. ವೈದ್ಯರನ್ನು ನೋಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ.

ದಾರಿ ತಪ್ಪಿದೆ ಎನ್ನಲು ಗುರುತುಗಳು

ನೀವು ಓದಲು ಕೂತಾಗ ಮನೆಯವರು ಓದುತ್ತಿಲ್ಲ ಎಂದು ಸಿಟ್ಟು ಬರುತ್ತಿದೆಯೇ? ನಿಲ್ಲಿ. ಬೆಳಗ್ಗೆ ವಚನದ ಚಿತ್ರವನ್ನು ಹತ್ತು ಗ್ರೂಪಿಗೆ ಕಳಿಸಿ ಓದು ಮುಗಿಯಿತು ಎನಿಸುತ್ತಿದೆಯೇ? ಅದು ಓದಲ್ಲ, ಅಂಚೆ ಹಂಚುವ ಕೆಲಸ.

ಉಪವಾಸದ ವಿಷಯದಲ್ಲಿ ಹುಷಾರು. ಸಕ್ಕರೆ ಕಾಯಿಲೆಯವರು, ಬಸುರಿಯರು, ದಿನಾ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಬೇಕಿದ್ದರೆ ಒಂದು ದಿನ ಫೋನ್ ಬಿಡಿ. ಅದು ಅನ್ನ ಬಿಡುವುದಕ್ಕಿಂತ ಕಷ್ಟ.

ಯಾರಾದರೂ ನಂಬಿಕೆಯಿದ್ದರೆ ಔಷಧಿ ನಿಲ್ಲಿಸು ಎಂದರೆ, ಇಷ್ಟು ಕೊಟ್ಟರೆ ನಿನಗಾಗಿ ವಿಶೇಷ ಪ್ರಾರ್ಥನೆ ಎಂದರೆ, ಇದನ್ನು ಮನೆಯವರಿಗೆ ಹೇಳಬೇಡ ಎಂದರೆ, ಎದ್ದು ಬನ್ನಿ. ವಾದ ಮಾಡುತ್ತ ಕೂರಬೇಡಿ.

ತಪ್ಪಿಹೋದ ಮೇಲೆ

ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ. ಎರಡನೇ ದಿನ ತಪ್ಪದಂತೆ ನೋಡಿಕೊಳ್ಳಿ, ಐದೇ ನಿಮಿಷವಾದರೂ ಸರಿ. ಹತ್ತು ದಿನ ಬಿಟ್ಟುಹೋಗಿದ್ದರೆ ಹತ್ತು ದಿನದ್ದನ್ನೂ ಒಂದೇ ಭಾನುವಾರ ಓದಿ ಸರಿದೂಗಿಸಲು ಹೋಗಬೇಡಿ. ಬಾಕಿ ತೀರಿಸಲು ಇದು ಕರೆಂಟ್ ಬಿಲ್ ಅಲ್ಲ. ಚೀಟಿ ಎಲ್ಲಿದೆಯೋ ಅಲ್ಲಿಂದ ತೆರೆಯಿರಿ.

ಮಾರ್ಕ ಮುಗಿದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕು ಅಧ್ಯಾಯ. ಆಮೇಲೆ ಆದಿಕಾಂಡ, ವಿಮೋಚನಕಾಂಡದ ಮೊದಲ 20 ಅಧ್ಯಾಯ. ಅಲ್ಲಿಂದ ಲೂಕ, ಅಪೊಸ್ತಲರ ಕೃತ್ಯಗಳು, ಯಾಕೋಬ. ನಡುನಡುವೆ ವಾರಕ್ಕೆ ಒಂದು ದಿನ ಕೀರ್ತನೆ. ಯಾಜಕಕಾಂಡ ಎರಡನೇ ವರ್ಷಕ್ಕಿರಲಿ. ಆಗ ಇಬ್ರಿಯರಿಗೆ ಬರೆದ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಆ ಯಜ್ಞ, ರಕ್ತ, ಮಹಾಯಾಜಕನ ಮಾತು ಯಾಕೆ ಬಂತೆಂದು ಅದರಲ್ಲಿದೆ. ಬಟ್ಟೆಯ ಬೂಷ್ಟಿನ ಅಧ್ಯಾಯಕ್ಕೆ ಬಂದಾಗ ಜೊತೆಗಾರರಿಗೆ ಒಂದು ಫೋನ್ ಹಚ್ಚಿ. ಅದನ್ನು ಇಬ್ಬರೇ ಸೇರಿ ದಾಟಬೇಕು.